ಆ ಬಾಗಿಲು ತೆರೆದಿಟ್ಟದ್ದು ಸರಿಯೇ?

ಜೈಲಿನಿಂದ ತಪ್ಪಿಸಿಕೊಂಡವರ ಕಥೆಗಳಿಗೆ ಬರವಿಲ್ಲ. ಬೇಕೆಂದೇ ಜೈಲು ಸೇರಿ, ಒಳಗಿರುವ ಇನ್ನೊಬ್ಬನನ್ನು ಕರೆದುಕೊಂಡು ಹೊರಬರುವವನ ಕಥೆ ಬರೆದರೆ ಹೇಗಿರುತ್ತದೆ? ನಿರ್ಮಾಪಕಿ ಡಾನ್ ಪರೂಸ್ ಇಂಥದೊಂದು ಎಳೆಯನ್ನು ಚಿತ್ರಕಥೆಗಾರ ಪಾಲ್ ಶೂರಿಂಗ್ ಅವರ ಮುಂದಿಟ್ಟಾಗ ಅದು ಅವರಿಗೆ ಹಿಡಿಸಿತು, ಆದರೆ ನಂಬಿಕೆ ಹುಟ್ಟಲಿಲ್ಲ. ತಲೆ ನೆಟ್ಟಗಿರುವ ಯಾವ ಮನುಷ್ಯ ತಾನಾಗಿಯೇ ಹೋಗಿ ಜೈಲಿನಲ್ಲಿ ಕೂರುತ್ತಾನೆ? ಇದಕ್ಕೆ ಉತ್ತರ ಸಿಗದೆ ಕಥೆ ಒಂದು ಹೆಜ್ಜೆಯೂ ಮುಂದೆ ಹೋಗುವಂತಿರಲಿಲ್ಲ. ಕೊನೆಗೆ ಶೂರಿಂಗ್ ಕಂಡುಕೊಂಡ ದಾರಿ ಇದು: ಒಳಗಿರುವವನು ಸ್ವಂತ ಅಣ್ಣ. ಮಾಡದ ಕೊಲೆಗೆ ಅವನಿಗೆ ಮರಣದಂಡನೆಯಾಗಿದೆ. ದಿನವೂ ನಿಗದಿಯಾಗಿದೆ.

‘ಪ್ರಿಸನ್ ಬ್ರೇಕ್’ ಧಾರಾವಾಹಿ ಹುಟ್ಟಿದ್ದು ಹೀಗೆ. ಕಥೆಗಾರ ತನ್ನನ್ನೇ ಕೇಳಿಕೊಂಡ ಆ ‘ಯಾಕೆ’ಯನ್ನು ಮುಂದೆ ನೋಡುಗರು ಕೈಗೆತ್ತಿಕೊಂಡರು. ಇವತ್ತಿಗೂ ಕೆಳಗಿಟ್ಟಿಲ್ಲ. ಒಂದು ಗುಂಪು ‘ಇದು ಸಾಧ್ಯವೇ’ ಎಂದು ಕೇಳುತ್ತದೆ: ಬೋಲ್ಟು, ಆಸಿಡ್ಡು, ನಕ್ಷೆ, ಗಡಿಯಾರದ ಲೆಕ್ಕ. ಇನ್ನೊಂದು ಗುಂಪು ‘ಇದು ಸರಿಯೇ’ ಎಂದು ಕೇಳುತ್ತದೆ: ಒಬ್ಬ ನಿರಪರಾಧಿಯನ್ನು ಉಳಿಸಲು ಎಷ್ಟು ಜನರ ಬದುಕು ಹಾಳಾಗಬಹುದು? ಮೇಲ್ನೋಟಕ್ಕೆ ಇವು ಎರಡು ಬೇರೆ ಜಗಳಗಳು. 90 ಕಂತುಗಳನ್ನೂ ನೋಡಿದ ಮೇಲೆ ಇವೆರಡೂ ಒಂದೇ ಜಗಳ ಎಂದು ನನಗೆ ಖಾತ್ರಿಯಾಗಿದೆ. ಯಾಕೆಂದು ಹೇಳಬೇಕಾದರೆ ಧಾರಾವಾಹಿ ಬೆಳೆದ ದಾರಿಯಲ್ಲೇ ನಡೆಯಬೇಕು.

2003ರಲ್ಲಿ ಕಥೆಯನ್ನು ಫಾಕ್ಸ್ ವಾಹಿನಿಯ ಮುಂದಿಟ್ಟಾಗ ಅವರು ಬೇಡವೆಂದರು. ಜೈಲಿನಿಂದ ತಪ್ಪಿಸಿಕೊಳ್ಳುವುದು ಒಂದು ಸಿನಿಮಾಕ್ಕೆ ಸಾಕಾಗುವ ಸರಕು, ವಾರವಾರ ಎಳೆದರೆ ಎಷ್ಟು ದಿನ ಬಾಳೀತು ಎಂಬುದು ಅವರ ಅಳುಕು. ನಡುವೆ ಅದನ್ನು 14 ಕಂತುಗಳ ಕಿರುಧಾರಾವಾಹಿ ಮಾಡುವ ಮಾತು ನಡೆಯಿತು. ಸ್ಟೀವನ್ ಸ್ಪೀಲ್‌ಬರ್ಗ್ ಕೂಡ ಆಸಕ್ತಿ ತೋರಿಸಿದ್ದರು, ಆಮೇಲೆ ‘ವಾರ್ ಆಫ್ ದಿ ವರ್ಲ್ಡ್ಸ್’ ಚಿತ್ರದ ಕೆಲಸಕ್ಕಾಗಿ ಬಿಟ್ಟುಹೋದರು. ಅಷ್ಟರಲ್ಲಿ ‘24’ ಮತ್ತು ‘ಲಾಸ್ಟ್’ ಬಂದು, ಒಂದೇ ಕಥೆಯನ್ನು ಬಿಡದೆ ಹಿಂಬಾಲಿಸುವ ತಾಳ್ಮೆ ಪ್ರೇಕ್ಷಕರಿಗಿದೆ ಎಂದು ತೋರಿಸಿಕೊಟ್ಟವು. ಫಾಕ್ಸ್ ಮನಸ್ಸು ಬದಲಿಸಿತು. ಬ್ರೆಟ್ ರ‍್ಯಾಟ್ನರ್ ಮೊದಲ ಕಂತನ್ನು ನಿರ್ದೇಶಿಸಿದರು. 2005ರ ಆಗಸ್ಟ್ 29ರಂದು ಪ್ರಸಾರ ಶುರುವಾದಾಗ ಒಂದು ಕೋಟಿಗೂ ಹೆಚ್ಚು ಅಮೆರಿಕನ್ನರು ಟಿವಿ ಮುಂದೆ ಕೂತಿದ್ದರು.

ಫಾಕ್ಸ್ ರಿವರ್ ಎಂಬ ಆ ಕಾಲ್ಪನಿಕ ಜೈಲಿಗೆ ಇಲಿನಾಯ್ ರಾಜ್ಯದ ಜೋಲಿಯೆಟ್ ಊರಿನ ನಿಜವಾದ ಜೈಲೇ ಸಿಕ್ಕಿತು. ಆ ಜೈಲು 1858ರಲ್ಲಿ ಆರಂಭವಾದದ್ದು. ಅಲ್ಲೇ ಅಗೆದ ಸುಣ್ಣಕಲ್ಲಿನಿಂದ ಕೈದಿಗಳೇ ಅದರ ಗೋಡೆ ಎಬ್ಬಿಸಿದ್ದರು. 2002ರಲ್ಲಿ ಅದನ್ನು ಮುಚ್ಚಿದ್ದರಿಂದ ಕ್ಯಾಮೆರಾಗಳಿಗೆ ಜಾಗ ತೆರವಾಗಿತ್ತು. ಸರಣಿ ಕೊಲೆಗಾರ ಜಾನ್ ವೇಯ್ನ್ ಗೇಸಿ ಇದ್ದ ಸೆಲ್ಲನ್ನೇ ಅಣ್ಣ ಲಿಂಕನ್ ಬರೋಸ್‌ನ ಸೆಲ್ಲಾಗಿ ಬಳಸಿದರು. ಚಿತ್ರತಂಡದ ಕೆಲವರು ಅದರೊಳಗೆ ಕಾಲಿಡಲು ಒಪ್ಪಲಿಲ್ಲವಂತೆ. ಮೊದಲ ಭಾಗ ನೋಡುವಾಗ ಜೈಲು ಕಟ್ಟಿಸಿದ ಸೆಟ್ಟು ಎನ್ನುವ ಭಾವನೆ ಬಾರದಿರುವುದಕ್ಕೆ ಆ ಕಲ್ಲುಗೋಡೆಯೇ ಕಾರಣ. ನಂಬಲು ಕಷ್ಟವಾದ ಕಥೆಗೆ ನಂಬಿಸುವ ಜಾಗ ಸಿಕ್ಕಿತ್ತು.

ಕಥೆ ಗೊತ್ತಿಲ್ಲದವರಿಗಾಗಿ ನಾಲ್ಕು ಮಾತು. ಮೈಕಲ್ ಸ್ಕೋಫೀಲ್ಡ್ ಕಟ್ಟಡಗಳ ಎಂಜಿನಿಯರ್. ಅಣ್ಣನನ್ನು ಕೂಡಿಹಾಕಿದ ಜೈಲಿನ ದುರಸ್ತಿ ಕೆಲಸ ಮಾಡಿದ ಕಂಪನಿಯಲ್ಲೇ ಅವನು ಕೆಲಸದಲ್ಲಿದ್ದವನು, ಹಾಗಾಗಿ ನಕ್ಷೆ ಅವನ ಕೈಗೆ ಸಿಗುತ್ತದೆ. ಅದನ್ನು ದೇವದೂತರ ಮತ್ತು ದೆವ್ವಗಳ ಚಿತ್ರದೊಳಗೆ ಅಡಗಿಸಿ ಮೈಮೇಲೆ ಹಚ್ಚೆ ಹಾಕಿಸಿಕೊಳ್ಳುತ್ತಾನೆ. ಬ್ಯಾಂಕಿಗೆ ನುಗ್ಗಿ ಮೇಲ್ಛಾವಣಿಗೆ ಗುಂಡು ಹಾರಿಸಿ, ಕೋರ್ಟಿನಲ್ಲಿ ವಾದಿಸದೆ ಐದು ವರ್ಷ ಶಿಕ್ಷೆ ಪಡೆದು ಒಳಗೆ ಬರುತ್ತಾನೆ. ನಟ ವೆಂಟ್‌ವರ್ತ್ ಮಿಲ್ಲರ್ ಮೈಗೆ ಆ ಹಚ್ಚೆಯನ್ನು ಅಂಟಿಸಲು ನಾಲ್ಕೈದು ಗಂಟೆ ಹಿಡಿಯುತ್ತಿತ್ತು. ಉದ್ದ ತೋಳಿನ ಅಂಗಿ ಹಾಕಿಸಿದರೆ ಆ ಕೆಲಸ ಉಳಿಯುತ್ತಿತ್ತು.

ತರ್ಕದ ಜಗಳ ಶುರುವಾಗುವುದೇ ಇಲ್ಲಿಂದ. ಕಂಡದ್ದನ್ನೆಲ್ಲ ನೆನಪಿಡುವ ಇಂಥ ಬುದ್ಧಿವಂತನಿಗೆ ನಕ್ಷೆಯನ್ನು ಮೈಮೇಲೆ ಬರೆಸಿಕೊಳ್ಳುವ ಅಗತ್ಯವೇನಿತ್ತು? ಮೊದಲ ಸಲ ತಪ್ಪು ಮಾಡಿದವನನ್ನು ಯಾವ ನ್ಯಾಯಾಧೀಶರು ಅತಿ ಬಿಗಿಭದ್ರತೆಯ ಜೈಲಿಗೆ, ಅದೂ ಅವನೇ ಬಯಸಿದ ಜೈಲಿಗೆ ಕಳಿಸುತ್ತಾರೆ? ಯಾವ ಸೆಲ್ಲು ಸಿಗುತ್ತದೆಂದು ಅವನಿಗೆ ಮೊದಲೇ ಹೇಗೆ ಗೊತ್ತು? ಅಣ್ಣ ತಮ್ಮ ಒಂದೇ ಜೈಲಿನಲ್ಲಿದ್ದರೂ ಅಧಿಕಾರಿಗಳ ತಲೆಯಲ್ಲಿ ಗಂಟೆ ಬಾರಿಸುವುದಿಲ್ಲವೇ? ಇಲಿನಾಯ್ ಬಲ್ಲವರ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಆ ರಾಜ್ಯದಲ್ಲಿ ವಿದ್ಯುತ್ ಕುರ್ಚಿಯಲ್ಲಿ ಕೂರಿಸಿ ಯಾರನ್ನಾದರೂ ಕೊಂದದ್ದು 1962ರಲ್ಲಿ ಕೊನೆ. ಧಾರಾವಾಹಿ ಬರುವ ಹೊತ್ತಿಗೆ ಮರಣದಂಡನೆಗೇ ತಡೆ ಬಿದ್ದಿತ್ತು.

ಆ ತಡೆಯ ಹಿನ್ನೆಲೆ ತಿಳಿದರೆ ಕಥೆಯ ತೂಕ ಬೇರೆಯೇ ಆಗುತ್ತದೆ. 1977ರಲ್ಲಿ ಮರಣದಂಡನೆ ಮರಳಿ ಜಾರಿಗೆ ಬಂದ ಮೇಲೆ ಇಲಿನಾಯ್ 12 ಜನರನ್ನು ಕೊಂದಿತ್ತು. ಅದೇ ಅವಧಿಯಲ್ಲಿ ಮರಣದಂಡನೆಗೆ ಗುರಿಯಾಗಿದ್ದ 13 ಜನರ ಮೇಲಿನ ತೀರ್ಪು ಬಿದ್ದುಹೋಗಿ ಅವರು ಹೊರಬಂದಿದ್ದರು. ಶಿಕ್ಷೆ ಜಾರಿಯಾದವರಿಗಿಂತ ತಪ್ಪಾಗಿ ಆ ಶಿಕ್ಷೆಗೆ ಗುರಿಯಾಗಿದ್ದವರ ಸಂಖ್ಯೆಯೇ ಹೆಚ್ಚು. 2000ದ ಜನವರಿಯಲ್ಲಿ ಗವರ್ನರ್ ಜಾರ್ಜ್ ರಯಾನ್ ಎಲ್ಲವನ್ನೂ ನಿಲ್ಲಿಸಿದರು. 2003ರ ಜನವರಿಯಲ್ಲಿ, ಅಧಿಕಾರ ಬಿಡುವ ಮುನ್ನ, ಉಳಿದವರ ಮರಣದಂಡನೆಯನ್ನೂ ರದ್ದು ಮಾಡಿದರು. 2011ರಲ್ಲಿ ಆ ರಾಜ್ಯ ಮರಣದಂಡನೆಯನ್ನೇ ಕೈಬಿಟ್ಟಿತು. ಕುರ್ಚಿಯ ವಿಷಯದಲ್ಲಿ ಧಾರಾವಾಹಿ ತಪ್ಪಿರಬಹುದು. ಆದರೆ ‘ನಿರಪರಾಧಿಯೊಬ್ಬನನ್ನು ಸರ್ಕಾರವೇ ಕೊಲ್ಲಲು ಹೊರಟಿದೆ’ ಎಂಬ ಕಥೆಯ ಬುಡವನ್ನು ಇಲಿನಾಯ್‌ನಲ್ಲಿ ಯಾರೂ ಅಸಾಧ್ಯವೆಂದು ತಳ್ಳಿಹಾಕುವಂತಿರಲಿಲ್ಲ.

ಬೋಲ್ಟಿನ ವಿಷಯಕ್ಕೆ ಬರೋಣ. ಜೈಲಿನ ಅಂಗಳದಲ್ಲಿ ಕೈದಿಗಳು ಕೂರುವ ಮೆಟ್ಟಿಲು ಬೆಂಚಿನಿಂದ ಮೈಕಲ್ ಒಂದು ಬೋಲ್ಟು ಬಿಚ್ಚುತ್ತಾನೆ. ತೋಳಿನ ಹಚ್ಚೆಯಲ್ಲಿ ಒಬ್ಬ ಮನುಷ್ಯನ ಹೆಸರಿನಂತೆ ಕಾಣುವ ಅಕ್ಷರ, ಅದರ ಜೊತೆ ಒಂದು ಸಂಖ್ಯೆ. ಅದು ಸೆಲ್ಲಿನ ಕಮೋಡನ್ನು ಗೋಡೆಗೆ ಬಿಗಿದ ತಿರುಪಿನ ಲೆಕ್ಕ. ಬೋಲ್ಟಿನ ತುದಿಯನ್ನು ಸಿಮೆಂಟು ನೆಲಕ್ಕೆ ಉಜ್ಜಿ ಉಜ್ಜಿ ಅಲೆನ್ ಕೀಯಂತೆ ಆರು ಮೂಲೆ ಬರಿಸುತ್ತಾನೆ. ಹಚ್ಚೆಯ ಪಕ್ಕ ಇಟ್ಟು ಅಳತೆ ನೋಡುತ್ತಾನೆ. ಇಷ್ಟಕ್ಕೇ ಒಂದು ಕಂತು. ನಡುವೆ ಬೋಲ್ಟು ಇನ್ನೊಬ್ಬನ ಪಾಲಾಗುತ್ತದೆ, ಪೆಟ್ಟು ಬೀಳುತ್ತದೆ. ಅದೇ ಕಂತಿನ ಕೊನೆಗೆ ಮಾಫಿಯಾ ನಾಯಕ ಅಬ್ರೂಟ್ಸಿಯ ಜನ ಅವನನ್ನು ಹಿಡಿದು, ಗಿಡ ಕತ್ತರಿಸುವ ಕತ್ತರಿಯಲ್ಲಿ ಎಡಗಾಲಿನ ಎರಡು ಬೆರಳು ತುಂಡರಿಸುತ್ತಾರೆ. ನೆಲಕ್ಕೆ ಉಜ್ಜಿದ ಬೋಲ್ಟಿಗೆ ಸರಿಯಾದ ಆರು ಮೂಲೆ ಬರುತ್ತದೆಯೇ ಎಂದು ಆಮೇಲೆ ಯಾರು ಬೇಕಾದರೂ ವಾದಿಸಲಿ. ಕಾಲ್ಬೆರಳು ಹೋದ ಕ್ಷಣದಲ್ಲಿ ನೋಡುಗ ಆ ವಾದವನ್ನು ಪಕ್ಕಕ್ಕಿಟ್ಟಿರುತ್ತಾನೆ.

ಆಸಿಡ್ಡಿನ ಪ್ರಸಂಗವೂ ಹಾಗೆಯೇ. ತಾಮ್ರದ ಸಲ್ಫೇಟನ್ನು ಫಾಸ್ಫರಿಕ್ ಆಮ್ಲದೊಂದಿಗೆ ಬೆರೆಸಿ, ಚಿಕಿತ್ಸಾ ಕೊಠಡಿಯ ನೆಲದ ಚರಂಡಿ ಕಿಂಡಿಗೆ ಸ್ವಲ್ಪಸ್ವಲ್ಪವೇ ಸುರಿದು ಕೆಳಗಿನ ಪೈಪನ್ನು ಮೈಕಲ್ ಸವೆಸುತ್ತಾನೆ. ದಪ್ಪ ಕಬ್ಬಿಣದ ಪೈಪು ಇಷ್ಟು ಬೇಗ ತಿಂದುಹೋಗಲು ಸಾಧ್ಯವಿಲ್ಲ ಎಂದು ರಸಾಯನಶಾಸ್ತ್ರ ಓದಿದವರು ಅಂದಿನಿಂದ ಇಂದಿನವರೆಗೂ ಹೇಳುತ್ತಲೇ ಇದ್ದಾರೆ. ಅವರ ಮಾತು ಸರಿ. ಮೊಟ್ಟೆ ಕಡೆಯುವ ಕೈಯಂತ್ರದಿಂದ ಕಾಂಕ್ರೀಟು ಗೋಡೆ ಕೊರೆಯುವ ದೃಶ್ಯಕ್ಕೂ ಇದೇ ಆಕ್ಷೇಪ. ಅಲ್ಲಿ ಮೈಕಲ್ ಗೋಡೆಯ ಮೇಲೆ ದೆವ್ವದ ಮುಖದ ನೆರಳು ಬೀಳಿಸಿ, ಎಲ್ಲೆಲ್ಲಿ ತೂತು ಕೊರೆದರೆ ಇಡೀ ಗೋಡೆ ದುರ್ಬಲವಾಗುತ್ತದೆಂದು ಗುರುತು ಮಾಡುತ್ತಾನೆ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಹಾಸ್ಟೆಲುಗಳಲ್ಲಿ ಈ ಧಾರಾವಾಹಿ ಹಾರ್ಡ್ ಡಿಸ್ಕಿನಿಂದ ಹಾರ್ಡ್ ಡಿಸ್ಕಿಗೆ ಹರಿದಾಡುತ್ತಿದ್ದ ಕಾಲದಲ್ಲಿ ಸಿವಿಲ್ ಹುಡುಗರು, ಮೆಕ್ಯಾನಿಕಲ್ ಹುಡುಗರು ರಾತ್ರಿಯೆಲ್ಲ ಕಿತ್ತಾಡಿದ್ದು ಇಂಥ ದೃಶ್ಯಗಳ ಮೇಲೆಯೇ. ಪಾಠದಲ್ಲಿ ಬಂದ ಸೂತ್ರವೊಂದು ಜೈಲಿನ ಗೋಡೆ ಒಡೆಯುವುದನ್ನು ಅವರು ಮೊದಲ ಬಾರಿಗೆ ಕಂಡಿದ್ದರು.

ತಪ್ಪಿಸಿಕೊಳ್ಳುವ ಕಥೆಗಳಲ್ಲಿ ವಾಸ್ತವವೇ ಎಷ್ಟೋ ಸಲ ಕಲ್ಪನೆಯನ್ನು ಮೀರಿಸಿದೆ ಎಂಬುದನ್ನೂ ಹೇಳಬೇಕು. 1962ರ ಜೂನ್‌ನಲ್ಲಿ ಆಲ್ಕಟ್ರಾಜ್ ದ್ವೀಪದ ಜೈಲಿನಿಂದ ಫ್ರ್ಯಾಂಕ್ ಮಾರಿಸ್ ಮತ್ತು ಆಂಗ್ಲಿನ್ ಸಹೋದರರು ಹೊರಬಿದ್ದರು. ಚಮಚಗಳಿಂದಲೂ, ವ್ಯಾಕ್ಯೂಮ್ ಕ್ಲೀನರಿನ ಮೋಟರಿನಿಂದ ಮಾಡಿದ ಡ್ರಿಲ್ಲಿನಿಂದಲೂ ಗೋಡೆ ಕೊರೆದರು. ಹಾಸಿಗೆಯಲ್ಲಿ ಮಲಗಿದಂತೆ ಕಾಣಿಸಲು ನಿಜವಾದ ಕೂದಲು ಅಂಟಿಸಿದ ನಕಲಿ ತಲೆಗಳನ್ನಿಟ್ಟರು. ಮಳೆಕೋಟುಗಳನ್ನು ಹೊಲಿದು ತೆಪ್ಪ ಮಾಡಿಕೊಂಡರು. ಇದನ್ನು ಯಾರಾದರೂ ಚಿತ್ರಕಥೆಯಲ್ಲಿ ಬರೆದು ತಂದಿದ್ದರೆ ನಾವೇ ನಂಬುತ್ತಿರಲಿಲ್ಲ.

ಮೊದಲ ಭಾಗ 13 ಕಂತುಗಳಿಗೆಂದು ಹೊರಟದ್ದು. ಜನ ಮುಗಿಬಿದ್ದರು, ವಾಹಿನಿ ಇನ್ನೂ 9 ಕಂತು ಬೇಕೆಂದಿತು. 13ನೇ ಕಂತಿನಲ್ಲಿ ತಪ್ಪಿಸಿಕೊಳ್ಳುವ ರಾತ್ರಿ ಬರುತ್ತದೆ. ಮೈಕಲ್ ಮತ್ತು ಅವನ ಜೊತೆ ಸೇರಿಕೊಂಡ ಕೈದಿಗಳೆಲ್ಲ ಸುರಂಗ ದಾಟಿ ಪೈಪಿನ ಬಳಿ ಬಂದು ನೋಡಿದರೆ, ಅಷ್ಟು ದಿನ ಸವೆಸಿದ್ದ ಹಳೆಯ ಪೈಪಿನ ಜಾಗದಲ್ಲಿ ಹೊಸ ಪೈಪು! ಅಲ್ಲಿಗೆ ಪ್ರಸಾರ ನಿಂತಿತು. 2005ರ ನವೆಂಬರ್ ಕೊನೆಯಿಂದ ಮುಂದಿನ ಮಾರ್ಚ್‌ವರೆಗೆ ನೋಡುಗರು ಆ ಹೊಸ ಪೈಪಿನ ಮುಂದೆಯೇ ನಿಲ್ಲಬೇಕಾಯಿತು. ಇದು ಕಥೆಯನ್ನು ಎಳೆಯಲು ಹೂಡಿದ ಉಪಾಯ ಎಂದು ಆಗಲೇ ಕೆಲವರು ದೂರಿದರು. ನನಗೆ ಹಾಗನ್ನಿಸುವುದಿಲ್ಲ. ಸೋಲಿನ ಬೆಲೆಯನ್ನು ಧಾರಾವಾಹಿ ಇಲ್ಲಿ ಪೂರ್ತಿ ತೆತ್ತಿದೆ: ಲಿಂಕನ್‌ನನ್ನು ನಿಜಕ್ಕೂ ಕುರ್ಚಿಯಲ್ಲಿ ಕೂರಿಸಲಾಗುತ್ತದೆ, ಮೈಕಲ್‌ಗೆ ಬೇರೆ ದಾರಿ ಉಳಿಯುವುದಿಲ್ಲ. ಆ ‘ಬೇರೆ ದಾರಿ’ಯೇ ಸಾರಾ.

ಸಾರಾ ಟಾಂಕ್ರೆಡಿ ಜೈಲಿನ ವೈದ್ಯೆ, ರಾಜ್ಯದ ಗವರ್ನರ್ ಮಗಳು, ಹಿಂದೆ ಮಾರ್ಫಿನ್ ಚಟದಿಂದ ಬಿಡಿಸಿಕೊಂಡು ಬಂದವಳು. ಮೈಕಲ್ ಸಕ್ಕರೆ ಕಾಯಿಲೆಯಿದೆ ಎಂದು ಸುಳ್ಳು ಹೇಳಿ, ಇನ್ಸುಲಿನ್ ನೆಪದಲ್ಲಿ ದಿನಾ ಅವಳ ಮುಂದೆ ತೋಳು ಚಾಚುತ್ತಾನೆ. ಕಾಗದದ ಹೂ ಮಡಿಸಿಡುತ್ತಾನೆ. ಅವಳ ಬೀಗದ ಕೈ ಕದಿಯಲು ಇನ್ನೊಬ್ಬ ಹೆಣ್ಣನ್ನು ಕಳಿಸುತ್ತಾನೆ. ಅದೂ ಕೈಗೂಡದಾಗ ನೇರವಾಗಿ ಕೇಳಿಬಿಡುತ್ತಾನೆ: ರಾತ್ರಿ ಹೋಗುವಾಗ ಚಿಕಿತ್ಸಾ ಕೊಠಡಿಗೆ ಬೀಗ ಹಾಕುವುದನ್ನು ಮರೆತುಬಿಡು. ಅವಳು ಸಿಟ್ಟಾಗುತ್ತಾಳೆ, ಒದ್ದಾಡುತ್ತಾಳೆ, ಕೊನೆಗೆ ಬೀಗ ಹಾಕದೆ ಹೊರಡುತ್ತಾಳೆ. ಮನೆಗೆ ಹೋಗಿ ಮಾರ್ಫಿನ್ ಚುಚ್ಚಿಕೊಂಡು ಸಾವಿನಂಚಿಗೆ ಬೀಳುತ್ತಾಳೆ.

ಈ ಬಾಗಿಲಿನ ಬಗ್ಗೆ ನಡೆದಷ್ಟು ವಾದ ಇಡೀ ಧಾರಾವಾಹಿಯಲ್ಲಿ ಬೇರೆ ಯಾವುದರ ಬಗ್ಗೆಯೂ ನಡೆದಿಲ್ಲ. ಲಿಂಕನ್ ನಿರಪರಾಧಿ ಎಂದು ಅವಳಿಗೆ ಮನವರಿಕೆಯಾಗಿತ್ತು, ಅಪ್ಪನಾದ ಗವರ್ನರನ ಕೈಕಾಲು ಹಿಡಿದರೂ ಕೆಲಸವಾಗಿರಲಿಲ್ಲ, ಕಾನೂನಿನ ದಾರಿ ಮುಗಿದಿತ್ತು ಎನ್ನುತ್ತದೆ ಒಂದು ಪಕ್ಷ. ಅವಳು ಬಾಗಿಲು ತೆರೆದಿಟ್ಟದ್ದು ನ್ಯಾಯಕ್ಕಲ್ಲ, ಪ್ರೀತಿಗೆ; ಆ ಪ್ರೀತಿಯೂ ಮೈಕಲ್ ಲೆಕ್ಕ ಹಾಕಿ ಬಿತ್ತಿದ್ದು ಎನ್ನುತ್ತದೆ ಇನ್ನೊಂದು. ಅಷ್ಟಕ್ಕೂ ಆ ಬಾಗಿಲಿನಿಂದ ಹೋದವರು ಅಣ್ಣತಮ್ಮ ಇಬ್ಬರೇ ಅಲ್ಲ. ಗೋಡೆ ದಾಟಿದವರು ಎಂಟು ಜನ. ಅವರಲ್ಲೊಬ್ಬ ಥಿಯೋಡೋರ್ ಬ್ಯಾಗ್‌ವೆಲ್, ಎಲ್ಲರ ಬಾಯಲ್ಲಿ ಟಿ-ಬ್ಯಾಗ್: ಮಕ್ಕಳನ್ನೂ ಬಿಡದ ಅತ್ಯಾಚಾರಿ, ಕೊಲೆಗಾರ.

ನಿಜ ಜೀವನದಲ್ಲೂ ಇಂಥದ್ದು ನಡೆದಿದೆ. 2015ರ ಜೂನ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಡಾನೆಮೋರಾದಲ್ಲಿ ಇಬ್ಬರು ಕೊಲೆ ಅಪರಾಧಿಗಳು ಸೆಲ್ಲಿನ ಹಿಂಬದಿಯ ಉಕ್ಕು ಕೊಯ್ದು, ಉಗಿಯ ಪೈಪಿನೊಳಗೆ ತೆವಳಿ, ಬೀದಿಯ ಮ್ಯಾನ್‌ಹೋಲಿನಿಂದ ಎದ್ದುಬಂದರು. ಗರಗಸದ ಅಲಗುಗಳು ಒಳಗೆ ಹೋದದ್ದು ಹೆಪ್ಪುಗಟ್ಟಿದ ಮಾಂಸದೊಳಗೆ. ಕಳಿಸಿದವಳು ಜೈಲಿನ ಹೊಲಿಗೆ ವಿಭಾಗದ ಉದ್ಯೋಗಿ, ಆ ಕೈದಿಗಳ ಸಲಿಗೆಗೆ ಸಿಕ್ಕವಳು. ಮೂರು ವಾರ ಇಡೀ ಪ್ರದೇಶ ಬಾಗಿಲು ಹಾಕಿಕೊಂಡು ಬದುಕಿತು. ಒಬ್ಬ ಗುಂಡಿಗೆ ಬಲಿಯಾದ, ಇನ್ನೊಬ್ಬ ಸಿಕ್ಕಿಬಿದ್ದ, ಆ ಹೆಂಗಸು ಜೈಲಿಗೆ ಹೋದಳು. ಆ ಸುದ್ದಿ ಓದಿದಾಗ ಸಾರಾಳ ಪರವಾಗಿ ನಾವು ಎಷ್ಟು ಸುಲಭವಾಗಿ ಮಾತಾಡಿದ್ದೆವು ಎಂದು ಅನೇಕರಿಗೆ ಅನ್ನಿಸಿರಬೇಕು. ಡಾನೆಮೋರಾದಲ್ಲಿ ನಿರಪರಾಧಿ ಯಾರೂ ಇರಲಿಲ್ಲ, ಆ ವ್ಯತ್ಯಾಸ ದೊಡ್ಡದೇ. ಆದರೂ ಹೊರಗಿನ ಊರಿಗೆ ಬಂದು ತಟ್ಟುವ ಭಯ ಎರಡು ಕಡೆಯೂ ಒಂದೇ. ಸಾರಾ ಲಿಂಕನ್‌ನ ಮಟ್ಟಿಗೆ ಸರಿಯಾದದ್ದನ್ನೇ ಮಾಡಿದಳು ಎಂದು ನಾನು ನಂಬುತ್ತೇನೆ, ಊರಿನ ಮಟ್ಟಿಗೆ ಅಲ್ಲ. ಧಾರಾವಾಹಿ ಅವಳನ್ನು ಸುಮ್ಮನೆ ಬಿಡಲಿಲ್ಲ, ಮೊಕದ್ದಮೆ ಹೂಡಿಸಿತು, ಬೀದಿಗೆ ತಂದಿತು. ಅದಕ್ಕೇ ಅವಳ ಬಗ್ಗೆ ನನಗೆ ಗೌರವ ಉಳಿದಿದೆ.

ಟಿ-ಬ್ಯಾಗ್ ವಿಷಯದಲ್ಲಿ ಹೊಣೆ ಮೈಕಲ್‌ನದು. ಗೋಡೆ ಕೊರೆಯಲು ಸಮಯ ಬೇಕು. ಸಮಯಕ್ಕೆ ಕೈದಿಗಳನ್ನೆಲ್ಲ ಸೆಲ್ಲಿನೊಳಗೆ ಕೂಡಿಹಾಕಿಸಬೇಕು. ಅದಕ್ಕೆ ಅವನು ಕೂಲಿಂಗ್ ವ್ಯವಸ್ಥೆಯನ್ನು ಕೆಡಿಸುತ್ತಾನೆ. ಸೆಕೆಗೆ ಕೆರಳಿದ ಕೈದಿಗಳು ದಂಗೆಯೇಳುತ್ತಾರೆ. ಬಾಬ್ ಎಂಬ ಎಳೆಯ ಕಾವಲುಗಾರ ಸಿಕ್ಕಿಬಿದ್ದು ಗೋಡೆಯ ತೂತನ್ನು ನೋಡಿಬಿಡುತ್ತಾನೆ. ಮನೆಯಲ್ಲಿ ಮಗಳಿದ್ದಾಳೆ ಎಂದು ಬೇಡಿಕೊಂಡರೂ ಟಿ-ಬ್ಯಾಗ್ ಅವನನ್ನು ಇರಿದು ಕೊಲ್ಲುತ್ತಾನೆ. ಚಾಕು ಮೈಕಲ್ ಕೈಯಲ್ಲಿ ಇರಲಿಲ್ಲ, ನಿಜ. ಆದರೆ ಆ ದಿನದ ಸೆಕೆ ಅವನದೇ ಯೋಜನೆ. ಜೈಲಿನ ಮುಖ್ಯಸ್ಥ ಪೋಪ್ ವಿಷಯವೂ ಹೀಗೇ. ಆ ಸಜ್ಜನ ಮದುವೆಯ ವಾರ್ಷಿಕೋತ್ಸವಕ್ಕೆ ಹೆಂಡತಿಗೆ ಕೊಡಲು ತಾಜ್‌ಮಹಲಿನ ಮಾದರಿ ಕಟ್ಟುತ್ತಿದ್ದಾನೆ, ಎಂಜಿನಿಯರ್ ಕೈದಿಯ ನೆರವು ಕೇಳುತ್ತಾನೆ, ಅವನನ್ನು ಮಗನಂತೆ ಕಾಣುತ್ತಾನೆ. ಕೊನೆಯ ರಾತ್ರಿ ಅದೇ ಕೋಣೆಯಲ್ಲಿ ಅವನ ಕುತ್ತಿಗೆಗೆ ಚೂಪಾದ ಆಯುಧ ಹಿಡಿಯುವವನು ಮೈಕಲ್.

ಲಿಂಕನ್ ಕೂಡ ಪೂರ್ತಿ ಶುದ್ಧನಲ್ಲ ಎಂಬುದನ್ನು ಅಭಿಮಾನಿಗಳು ಮರೆಯುತ್ತಾರೆ. ಮರಣದಂಡನೆಗೆ ಕಾರಣವಾದ ಆ ಕೊಲೆಯ ರಾತ್ರಿ ಅವನು ಪಿಸ್ತೂಲು ಹಿಡಿದು ಹೋದದ್ದು ಕೊಲ್ಲಲೆಂದೇ. 90 ಸಾವಿರ ಡಾಲರ್ ಸಾಲ ತೀರಿಸಲು ಬೇರೆ ದಾರಿಯಿರಲಿಲ್ಲ. ಆ ಸಾಲ ಮಾಡಿದ್ದು ತಮ್ಮನ ಓದಿಗಾಗಿ. ಅಮ್ಮನ ವಿಮೆಯ ಹಣ ಎಂದು ಹೇಳಿ ಕೊಟ್ಟಿದ್ದ. ತಮ್ಮನಿಗೆ ಈ ಸತ್ಯ ತಿಳಿಯುವುದು ಅಣ್ಣ ಒಳಗೆ ಹೋದ ಮೇಲೆ. ಶೂರಿಂಗ್ ಅವರ ಮೊದಲ ಸಂಶಯಕ್ಕೆ ನಿಜವಾದ ಉತ್ತರ ಇಲ್ಲಿದೆ ಎಂದು ನನಗನ್ನಿಸುತ್ತದೆ. ರಕ್ತಸಂಬಂಧ ಒಂದೇ ಆಗಿದ್ದರೆ ಕಥೆ ಇಷ್ಟು ದೂರ ಬರುತ್ತಿರಲಿಲ್ಲ. ಅಣ್ಣ ತನಗಾಗಿ ಹಾಳಾದ ಎಂಬ ಋಣ ಮೈಕಲ್‌ನನ್ನು ಒಳಗೆ ತಳ್ಳಿತು. ಆ ಋಣ ತೀರಿಸಲು ಅವನು ಇನ್ನೊಬ್ಬರ ತಲೆಯ ಮೇಲೆ ಋಣ ಹೊರಿಸುತ್ತಾ ಹೋದ.

2006ರ ಮೇ ತಿಂಗಳಲ್ಲಿ ಎಂಟು ಜನ ಗೋಡೆ ದಾಟಿದರು. ಹೆಸರಿನಲ್ಲೇ ಜೈಲಿರುವ ಧಾರಾವಾಹಿಗೆ ಇನ್ನು ಕೆಲಸವೇನು? ಎರಡನೇ ಭಾಗ ಓಟದ ಕಥೆಯಾಯಿತು, ಚಿತ್ರೀಕರಣ ಟೆಕ್ಸಸ್‌ಗೆ ಹೋಯಿತು. ಡಿ. ಬಿ. ಕೂಪರ್ ಎಂದು ಜನ ಕರೆಯುವ, 1971ರಲ್ಲಿ ವಿಮಾನ ಅಪಹರಿಸಿ, 2 ಲಕ್ಷ ಡಾಲರಿನೊಂದಿಗೆ ಪ್ಯಾರಾಚೂಟಿನಲ್ಲಿ ಹಾರಿ ಕಣ್ಮರೆಯಾದ ನಿಜ ಮನುಷ್ಯನೊಬ್ಬನಿದ್ದಾನೆ. ಆತನನ್ನು ಧಾರಾವಾಹಿ ಮುದುಕ ಕೈದಿಯಾಗಿಸಿ, ಅವನು ಹೂತಿಟ್ಟ ಹಣವನ್ನು 50 ಲಕ್ಷ ಡಾಲರಿಗೆ ಏರಿಸಿ, ಎಲ್ಲರನ್ನೂ ಅದರ ಹಿಂದೆ ಓಡಿಸಿತು. ತರ್ಕ ಸಡಿಲವಾಯಿತು, ಆದರೂ ಜನ ಬಿಡಲಿಲ್ಲ. ಕಾರಣ, ವಿಲಿಯಂ ಫಿಕ್ಟ್‌ನರ್ ನಟಿಸಿದ ಎಫ್‌ಬಿಐ ಅಧಿಕಾರಿ ಮಹೋನ್. ಮೈಕಲ್‌ನಷ್ಟೇ ಬುದ್ಧಿವಂತ, ಒಬ್ಬನನ್ನು ಕೊಂದು ತನ್ನ ಹಿತ್ತಲಲ್ಲೇ ಹೂತವನು, ಆ ಗುಟ್ಟಿಗೆ ಅಂಜಿ ಕೈದಿಗಳನ್ನು ಒಬ್ಬೊಬ್ಬರನ್ನಾಗಿ ಮುಗಿಸುವವನು. ಕಾನೂನಿನ ಕಡೆಯವನು ಅಪರಾಧಿಯಾಗಿ, ಅಪರಾಧಿಗಳು ಬೇಟೆಯಾದರು. ಅದೇ ಭಾಗದಲ್ಲಿ ಮೈಕಲ್ ಚರ್ಚಿಗೆ ಹೋಗಿ ಪಾದ್ರಿಯೆದುರು ತಪ್ಪೊಪ್ಪಿಕೊಳ್ಳುವ ದೃಶ್ಯವಿದೆ. ತನ್ನಿಂದಾದ ಸಾವುಗಳನ್ನು ಅವನು ಎಣಿಸುತ್ತಿದ್ದಾನೆ ಎಂದು ನಮಗೆ ಗೊತ್ತಿರುವಷ್ಟು ಹೊತ್ತು, ಉಳಿದದ್ದನ್ನೆಲ್ಲ ನಾವು ಕ್ಷಮಿಸಿದೆವು.

ಎರಡೂ ಜಗಳ ಒಂದೇ ಎಂದು ನಾನು ಹೇಳಿದ್ದು ಇದಕ್ಕೇ. ಅಸಾಧ್ಯವನ್ನು ನೋಡುಗ ಒಪ್ಪುತ್ತಾನೆ, ಆದರೆ ಅದಕ್ಕೆ ಪಾತ್ರಗಳು ಬೆಲೆ ತೆರಬೇಕು. ಬೆಲೆ ತೆರುವುದು ನಿಂತ ದಿನ ಅವನು ಬೋಲ್ಟಿನ ಅಳತೆ ಕೇಳತೊಡಗುತ್ತಾನೆ.

ಆ ದಿನ ಮೂರನೇ ಭಾಗದಲ್ಲಿ ಬಂತು. ಪನಾಮಾದ ಸೋನಾ ಎಂಬ ಜೈಲು, ಕಾವಲುಗಾರರೆಲ್ಲ ಹೊರಗೆ, ಒಳಗೆ ಕೈದಿಗಳದೇ ರಾಜ್ಯ. 2007ರ ನವೆಂಬರ್‌ನಲ್ಲಿ ಶುರುವಾದ ಹಾಲಿವುಡ್ ಬರಹಗಾರರ ಮುಷ್ಕರದಿಂದ ಅದು 13 ಕಂತಿಗೇ ನಿಂತಿತು. ಸಾರಾ ಪಾತ್ರದ ಸಾರಾ ವೇಯ್ನ್ ಕ್ಯಾಲೀಸ್ ಆ ಭಾಗದಲ್ಲಿ ಇರಲಿಲ್ಲ. ಕಥೆ ಅವಳನ್ನು ಕೊಂದು, ರುಂಡವನ್ನು ಪೆಟ್ಟಿಗೆಯಲ್ಲಿ ಹಾಕಿ ಲಿಂಕನ್‌ಗೆ ಕಳಿಸಿತು. ಅಭಿಮಾನಿಗಳು ಕೆರಳಿದರು. ನಾಲ್ಕನೇ ಭಾಗ ಶುರುವಾಗುತ್ತಿದ್ದಂತೆ ನಟಿ ಮರಳಿದಳು, ಪೆಟ್ಟಿಗೆಯಲ್ಲಿದ್ದದ್ದು ಬೇರೆಯವರ ತಲೆ ಎಂದು ಹೇಳಿಸಿದರು. ಸಾರಾ ಬದುಕಿದ್ದಾಳೆ ಎಂದು ಅತ್ತವರೂ ಇದ್ದರು, ಅವರ ಸಂತೋಷವನ್ನು ನಾನು ಕಡಿಮೆ ಮಾಡಲಾರೆ. ಆದರೆ ಅಲ್ಲಿಂದ ಮುಂದೆ ಯಾರ ಸಾವನ್ನೂ ನಂಬಲಾಗಲಿಲ್ಲ. ಆ ಭಾಗದಲ್ಲಿ ನನ್ನನ್ನು ನಿಜವಾಗಿ ಹಿಡಿದು ನಿಲ್ಲಿಸಿದ ಸಾವು ಬ್ರ್ಯಾಡ್ ಬೆಲಿಕ್‌ನದು. ಮೊದಲ ಭಾಗದಲ್ಲಿ ಕೈದಿಗಳನ್ನು ಹಿಂಸಿಸುತ್ತಿದ್ದ ಲಂಚಕೋರ ಕಾವಲು ಅಧಿಕಾರಿ ಇವನು. ಇಲ್ಲಿ ಉಳಿದವರಿಗೆ ದಾರಿಯಾಗಲೆಂದು ನೀರಿನ ಪೈಪಿನೊಳಗೆ ತಾನೇ ಉಳಿದು, ಪೈಪು ತುಂಬಿ ಸಾಯುತ್ತಾನೆ. ಬೆಲಿಕ್ ಮರಳಿ ಬರಲಿಲ್ಲ.

2009ರಲ್ಲಿ ಬಂದ ‘ದಿ ಫೈನಲ್ ಬ್ರೇಕ್’ ಚಿತ್ರದಲ್ಲಿ ಈ ಸಲ ಸಾರಾಳೇ ಜೈಲಿನಲ್ಲಿರುತ್ತಾಳೆ. ಅವಳನ್ನು ಹೊರಗೆ ಬಿಡಿಸಲು ಮೈಕಲ್ ವಿದ್ಯುತ್ತಿಗೆ ಮೈಯೊಡ್ಡಿ ಬಾಗಿಲು ತೆರೆಸಿ ಪ್ರಾಣ ಬಿಡುತ್ತಾನೆ. ನನ್ನ ಪಾಲಿಗೆ ಅಲ್ಲಿಗೆ ಲೆಕ್ಕ ಚುಕ್ತಾ ಆಗಿತ್ತು. ಎಂಟು ವರ್ಷದ ಮೇಲೆ, 2017ರ ಏಪ್ರಿಲ್‌ನಲ್ಲಿ, ಅವನು ಸತ್ತೇ ಇಲ್ಲ, ಯೆಮೆನ್‌ನ ಸನಾ ನಗರದ ಜೈಲಿನಲ್ಲಿದ್ದಾನೆ ಎಂದು ಹೊಸ 9 ಕಂತುಗಳು ಬಂದವು. ಮಿಲ್ಲರ್ ಚೆನ್ನಾಗಿ ನಟಿಸಿದರು. ಆದರೂ ಕೊಟ್ಟ ಪ್ರಾಣವನ್ನು ವಾಪಸು ತೆಗೆದುಕೊಂಡದ್ದನ್ನು ನಾನು ಒಪ್ಪಲಾರೆ. 2020ರ ನವೆಂಬರ್‌ನಲ್ಲಿ ಮಿಲ್ಲರ್ ಇನ್ನು ಮೈಕಲ್ ಪಾತ್ರ ಮಾಡುವುದಿಲ್ಲ ಎಂದು ಖಚಿತಪಡಿಸಿದರು. ತಾನು ಸಲಿಂಗಿ, ಗಂಡು ಹೆಣ್ಣಿನ ಪ್ರೀತಿಯ ಪಾತ್ರಗಳು ತನ್ನ ಕಥೆಗಳಲ್ಲ ಎಂಬುದು ಅವರು ಕೊಟ್ಟ ಕಾರಣ. ಅಭಿಮಾನಿಗಳಲ್ಲಿ ಕೆಲವರು ನೊಂದುಕೊಂಡರು, ಕೆಲವರು ಬೆನ್ನಿಗೆ ನಿಂತರು.

ಅದಾದ ಮೇಲೂ ಹೊಸಬರು ಮೊದಲ ಕಂತಿನಿಂದ ನೋಡಲು ಕೂರುತ್ತಲೇ ಇದ್ದಾರೆ. ಅವರು ಮೊದಲು ತಕರಾರು ತೆಗೆಯುವುದು ಆಸಿಡ್ಡಿನ ಬಗ್ಗೆ. ದಂಗೆಯ ಕಂತು ದಾಟಿದ ಮೇಲೆ ಕೇಳುವುದು ಕಾವಲುಗಾರ ಬಾಬ್‌ನ ಮಗಳ ಗತಿ ಏನಾಯಿತು ಎಂದು. ಧಾರಾವಾಹಿ ಅದಕ್ಕೆ ಉತ್ತರ ಕೊಟ್ಟಿಲ್ಲ.